ಕಿಸೆಯೊಳಗಿನ ಸಂಗೀತ: ಕಿವಿಗೆ ದಕ್ಕುವುದೆಷ್ಟು?

ಹಂಪಿಯ ವಿಜಯ ವಿಠ್ಠಲ ದೇವಾಲಯದ ಸಪ್ತಸ್ವರದ ಕಂಬಗಳ ಹೆಸರು ಕೇಳದ ಶಾಲಾ ಮಕ್ಕಳು ಹೊಸಪೇಟೆ ಸೀಮೆಯಲ್ಲಿ ಸಿಗಲಾರರು. ಆದರೆ ಆ ಕಂಬದ ನಾದವನ್ನು ಎದುರಿಗೆ ನಿಂತು ಕೇಳಿದವರು ಈಗಿನ ಮಕ್ಕಳಲ್ಲಿ ಬಹಳ ಕಡಿಮೆ. ಕಂಬಗಳನ್ನು ತಟ್ಟುವುದು ಈಗ ನಿಷಿದ್ಧ. ಶತಮಾನಗಳ ಕಲ್ಲು ಪ್ರವಾಸಿಗರ ಬೆರಳುಗಳಿಗೆ, ಇನ್ನೂ ಕೆಲವರ ಕೈಯಲ್ಲಿದ್ದ ನಾಣ್ಯ ಬೆಣಚುಗಳಿಗೆ ಸವೆದದ್ದು ಸಾಕು ಎಂಬ ತೀರ್ಮಾನ ಸರಿಯಾದದ್ದೇ. ಹಾಗಾಗಿ ಇಂದಿನ ವಿದ್ಯಾರ್ಥಿಗೆ ಆ ನಾದ ದೊರಕುವುದು ಒಂದೇ ದಾರಿಯಲ್ಲಿ: ಯಾರೋ ಯಾವಾಗಲೋ ಮಾಡಿಕೊಂಡ ವಿಡಿಯೋ, ಹತ್ತಾರು ಮೊಬೈಲುಗಳನ್ನು ದಾಟಿ ಅವನ ಮೊಬೈಲಿಗೆ ಬಂದು, ಅಲ್ಲಿನ ಕಡಲೆಬೇಳೆಗಾತ್ರದ ಸ್ಪೀಕರಿನಿಂದ ಹೊರಬೀಳುವ 'ಟಿಣ್ ಟಿಣ್'.

ಅದನ್ನು ಕೇಳಿದ ಹುಡುಗ 'ಇಷ್ಟೇನಾ?' ಎಂದರೆ ತಪ್ಪು ಅವನದಲ್ಲ, ಕಂಬದ್ದೂ ಅಲ್ಲ.

ಈ ಕಂಬಗಳ ಬಗ್ಗೆ ಊರಲ್ಲಿ ಕಥೆಗಳು ಬೇಕಾದಷ್ಟಿವೆ. ಒಳಗೆ ಟೊಳ್ಳಿದೆ, ಲೋಹ ತುಂಬಿದ್ದಾರೆ, ಬ್ರಿಟಿಷರು ಎರಡು ಕಂಬ ಕುಯ್ದು ನೋಡಿದರು ಎಂದೆಲ್ಲ ಗೈಡುಗಳು ಹೇಳುತ್ತಾರೆ. ಕಥೆ ಕೇಳಲು ಚೆನ್ನ. ಆದರೆ ಕಲ್ಪಾಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಏಟು ಬೀಳದ ಹಾಗೆ ಪರೀಕ್ಷೆ ನಡೆಸಿ, 2008ರಲ್ಲಿ 'ಜರ್ನಲ್ ಆಫ್ ದಿ ಅಕೌಸ್ಟಿಕಲ್ ಸೊಸೈಟಿ ಆಫ್ ಅಮೆರಿಕ' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಅವು ಗಟ್ಟಿ ಕಲ್ಲೇ. ತಟ್ಟಿದಾಗ ಕಂಬ ಕಣ್ಣಿಗೆ ಕಾಣದಷ್ಟು ಬಾಗಿ ಕಂಪಿಸುತ್ತದೆ. ಆ ಬಾಗುವ ಕಂಪನವೇ ನಾದ. ಒಂದು ಮೂಲ ಸ್ವರ, ಅದರೊಂದಿಗೆ ಮೇಲಿನ ಹಲವು ಸ್ವರಗಳು, ತಟ್ಟಿದ ಕ್ಷಣದ ಚುರುಕಾದ ಪೆಟ್ಟು, ಆಮೇಲೆ ನಿಧಾನಕ್ಕೆ ಕರಗುವ ಗುಂಯ್ ಎನ್ನುವ ಬಾಲ. ಇವೆಲ್ಲ ಸೇರಿದರೆ ಕಂಬದ ದನಿ. ಇವುಗಳಲ್ಲಿ ಮೊಬೈಲು ಏನೇನನ್ನು ಉಳಿಸಿಕೊಳ್ಳುತ್ತದೆ, ಏನನ್ನು ದಾರಿಯಲ್ಲಿ ಚೆಲ್ಲುತ್ತದೆ ಎಂದು ನೋಡುತ್ತ ಹೋದರೆ ನಮ್ಮ ಕಿಸೆಯೊಳಗಿನ ಯಂತ್ರದ ಮಿತಿಯೆಲ್ಲ ಬಯಲಾಗುತ್ತದೆ.

ದನಿ ಒಳಹೋಗುವ ಬಾಗಿಲಲ್ಲೇ ಸುಂಕ

ಮೊಬೈಲ್ ಹುಟ್ಟಿದ್ದು ಮಾತಿಗಾಗಿ. ಅದರ ಮೈಕಿನ ಹಿಂದೆ ಕುಳಿತ ತಂತ್ರಾಂಶಕ್ಕೆ ಮಾತೇ ಮುಖ್ಯ. ಏಕತಾನವಾಗಿ ಕೇಳಿಬರುವ ಫ್ಯಾನಿನ ಸದ್ದು, ಬಸ್ಸಿನ ಎಂಜಿನ್ ಸದ್ದು ಎಲ್ಲ ಕಸ. ಅದನ್ನು ಗುಡಿಸಿ ಹಾಕುವುದೇ ಅದರ ಕರ್ತವ್ಯ. ಕರೆ ಮಾಡುವಾಗ, ಆನ್‌ಲೈನ್ ತರಗತಿಯಲ್ಲಿ, ಹಲವು ಫೋನುಗಳಲ್ಲಿ ವಿಡಿಯೋ ತೆಗೆಯುವಾಗಲೂ ಈ ಪೊರಕೆ ಕೆಲಸ ಮಾಡುತ್ತಿರುತ್ತದೆ. ತೊಂದರೆ ಏನೆಂದರೆ, ತಂಬೂರಿಯ ಶ್ರುತಿಯೂ ಏಕತಾನವೇ, ಕಂಬದ ಗುಂಯ್ ಎನ್ನುವ ಬಾಲವೂ ಏಕತಾನವೇ. ಯಂತ್ರಕ್ಕೆ ಫ್ಯಾನಿಗೂ ತಂಬೂರಿಗೂ ವ್ಯತ್ಯಾಸ ತಿಳಿಯದು. ಎರಡನ್ನೂ ಗುಡಿಸುತ್ತದೆ.

ಇನ್ನೊಂದು ಉಪಕಾರವನ್ನೂ ಅದು ಕೇಳದೆಯೇ ಮಾಡುತ್ತದೆ. ಮೆಲ್ಲಗಿನ ಸದ್ದನ್ನು ಎತ್ತಿ, ಜೋರಾದ ಸದ್ದನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಪಿಸುಮಾತೂ ಕೂಗೂ ಒಂದೇ ಎತ್ತರದಲ್ಲಿ ಕೇಳಿದರೆ ದೂರವಾಣಿ ಸಂಭಾಷಣೆಗೆ ಅನುಕೂಲ. ಗಾಯನಕ್ಕೆ? ಆಲಾಪನೆಯಲ್ಲಿ ಗಾಯಕಿ ದನಿಯನ್ನು ಸಣ್ಣದು ಮಾಡಿದಾಗ ಅದು ಸಣ್ಣದಾಗಬೇಕಲ್ಲ!

ಮಕ್ಕಳಿಗೆ ವಿಡಿಯೋ ಕರೆಯ ಮೂಲಕ ಸಂಗೀತ ಪಾಠ ಹೇಳಿಸುತ್ತಿರುವ ಪಾಲಕರು ಇದನ್ನು ಗಮನಿಸಬೇಕು. ಸರಳೆ ವರಸೆಯ ಪಾಠಕ್ರಮವನ್ನು ಕೊಟ್ಟವರೆಂದು ನಾವು ನೆನೆಯುವ ಪುರಂದರದಾಸರ ಮಂಟಪ ಹಂಪಿಯಲ್ಲಿ ತುಂಗಭದ್ರೆಯ ದಡದಲ್ಲೇ ಇದೆ. ಆ ಪಾಠಕ್ರಮ ಗುರು ಹಾಡಿ, ಶಿಷ್ಯ ಜೊತೆಗೂಡಿ, ಶ್ರುತಿಯ ಆಸರೆಯಲ್ಲಿ ನಡೆಯುವಂಥದು. ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಹಾಡಲು ಬರುವುದಿಲ್ಲ. ದನಿ ಹೋಗಿ ಬರುವಷ್ಟರಲ್ಲಿ ತಾಳ ತಪ್ಪಿರುತ್ತದೆ, ಒಬ್ಬರ ದನಿ ಎದ್ದರೆ ಇನ್ನೊಬ್ಬರದನ್ನು ಯಂತ್ರ ಅಡಗಿಸುತ್ತದೆ. ಶ್ರುತಿಯಂತೂ ಆಗಾಗ ಮಾಯ. ಮಗು ಶ್ರುತಿ ಬಿಟ್ಟು ಹಾಡಿದರೆ ಗುರುಗಳು ಬೈಯುವ ಮುನ್ನ ಒಮ್ಮೆ ಅದರ ಕಿವಿಗೆ ಶ್ರುತಿ ತಲುಪಿದೆಯೇ ಎಂದು ಕೇಳುವುದು ಒಳ್ಳೆಯದು. ಜೂಮ್‌ನಂಥ ಕೆಲವು ತಂತ್ರಾಂಶಗಳಲ್ಲಿ ಸಂಗೀತಗಾರರಿಗೆಂದೇ ಈ ಪೊರಕೆಯನ್ನು ನಿಲ್ಲಿಸುವ ಆಯ್ಕೆ ಇದೆ. ಸೆಟ್ಟಿಂಗ್ಸ್ ಒಳಹೊಕ್ಕು ಹುಡುಕಬೇಕು. ಇನ್ನೂ ಸುಲಭದ ಉಪಾಯವೆಂದರೆ ಶ್ರುತಿಪೆಟ್ಟಿಗೆಯನ್ನು ಮಗುವಿನ ಪಕ್ಕದಲ್ಲೇ ಇಟ್ಟು, ಫೋನಿನಿಂದ ಗುರುಗಳ ದನಿಯನ್ನಷ್ಟೇ ಪಡೆಯುವುದು.

ಹನ್ನೊಂದರಲ್ಲಿ ಒಂದು ಪಾಲು

1979ರ ಜುಲೈನಲ್ಲಿ ಸೋನಿ ಕಂಪನಿಯ ವಾಕ್‌ಮನ್ ಜಪಾನಿನಲ್ಲಿ ಮಾರಾಟಕ್ಕೆ ಬಂತು. ನಡೆದಾಡುತ್ತ ಹಾಡು ಕೇಳುವ ಚಟ ಜಗತ್ತಿಗೆ ಹತ್ತಿದ್ದು ಅಲ್ಲಿಂದ. ನಮ್ಮಲ್ಲಿ ಆಗಿನ್ನೂ ಕ್ಯಾಸೆಟ್ಟಿನ ಕಾಲ ಕಣ್ಣು ಬಿಡುತ್ತಿತ್ತು. ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ. ಟೇಪು ಸವೆಯುತ್ತಿತ್ತು, ಸುತ್ತಿಕೊಳ್ಳುತ್ತಿತ್ತು, ಹಿನ್ನೆಲೆಯಲ್ಲಿ 'ಸ್ಸ್' ಎಂದು ಸದಾ ಉಸಿರಾಡುತ್ತಿತ್ತು. ಅದರ ದೋಷ ಕಿವಿಗೆ ಕೇಳುತ್ತಿತ್ತು. ಈಗಿನ ದೋಷ ಬೇರೆ ಬಗೆಯದು, ಅದು ಕೇಳುವುದಿಲ್ಲ. ಇರಬೇಕಾದದ್ದು ಇಲ್ಲದಿರುವುದೇ ಈಗಿನ ದೋಷ.

1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕ್ ಶಬ್ದವನ್ನು ಅಂಕಿಗಳಾಗಿ ಬರೆದಿಟ್ಟಿತು. ಸೆಕೆಂಡಿಗೆ 44,100 ಸಲ ಶಬ್ದದ ಅಲೆಯ ಎತ್ತರವನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆಯುವ ಕ್ರಮ. ಎಡಕ್ಕೊಂದು ಬಲಕ್ಕೊಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಮನುಷ್ಯನ ಕಿವಿ ಕೇಳುವುದು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಅತಿ ಎತ್ತರದ ಆವೃತ್ತಿಯ ಎರಡರಷ್ಟು ಸಲ ಅಳೆದರೆ ಏನನ್ನೂ ಕಳೆದುಕೊಳ್ಳುವುದಿಲ್ಲ ಎಂಬುದು ಗಣಿತ. ಆದ್ದರಿಂದ ಸಿ.ಡಿ.ಯ ಲೆಕ್ಕ ಕಿವಿಗೆ ಸಾಕಷ್ಟಾಯಿತು. ಅದಕ್ಕಿಂತ ಹೆಚ್ಚಿನ 'ಹೈ-ರೆಸ್' ಎಂದು ಹೆಚ್ಚು ಹಣ ಕೇಳುವ ಸರಕಿನ ಬಗ್ಗೆ ಪಾಲಕರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳಿಸದ ಶಬ್ದಕ್ಕೆ ಕಾಸು ಕೊಡುವುದು ಯಾಕೆ?

ಕಷ್ಟ ಬಂದದ್ದು ಸಾಗಿಸುವಾಗ. ಅಷ್ಟು ಅಂಕಿಗಳನ್ನು ಸಣ್ಣ ಯಂತ್ರದಲ್ಲಿ ತುಂಬಲು, ತಂತಿಯಲ್ಲಿ ಕಳಿಸಲು ಆಗ ಜಾಗವಿರಲಿಲ್ಲ. ಜರ್ಮನಿಯ ಎರ್ಲಾಂಗನ್‌ನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡನ್‌ಬರ್ಗ್ ಮತ್ತು ಸಂಗಡಿಗರು ಬೆಳೆಸಿದ ಎಂ.ಪಿ.3 ವಿಧಾನ ಇದಕ್ಕೆ ಉಪಾಯ ಕಂಡುಕೊಂಡಿತು. ಜಾತ್ರೆಯಲ್ಲಿ ತಮಟೆ ಹೊಡೆಯುತ್ತಿರುವಾಗ ಪಕ್ಕದವನ ಪಿಸುಮಾತು ಕೇಳುವುದಿಲ್ಲ. ಹಾಗೆಯೇ ಹಾಡಿನಲ್ಲೂ ಜೋರು ಸ್ವರದ ಹತ್ತಿರದ ಸಣ್ಣ ಸ್ವರಗಳು ಅದರ ನೆರಳಲ್ಲಿ ಮರೆಯಾಗುತ್ತವೆ. ಕಿವಿ ಹೇಗೂ ಕೇಳುವುದಿಲ್ಲ, ಅವನ್ನು ಬರೆಯುವುದು ಯಾಕೆ ಎಂದು ಎಂ.ಪಿ.3 ಬಿಟ್ಟುಬಿಡುತ್ತದೆ. ಸೆಕೆಂಡಿಗೆ 128 ಕಿಲೋಬಿಟ್ ಎಂದರೆ ಮೂಲದ ಹನ್ನೊಂದರಲ್ಲಿ ಒಂದು ಪಾಲು. ಕೊರಿಯಾದ ಎಂಪಿಮ್ಯಾನ್ 1998ರಲ್ಲಿ, ಆಪಲ್‌ನ ಐಪಾಡ್ 2001ರಲ್ಲಿ ಬಂದದ್ದು ಇದರ ಬಲದಿಂದಲೇ. ಸಾವಿರ ಹಾಡು ಕಿಸೆಯಲ್ಲಿ ಎಂದು ಐಪಾಡಿನ ಪ್ರಚಾರ. ಐಪಾಡಿನ ಉತ್ಪಾದನೆ 2022ರಲ್ಲಿ ನಿಂತಿತು, ಆದರೆ ಅಂಥ ಲೆಕ್ಕಾಚಾರ ಈಗಲೂ ಪ್ರತಿ ಮೊಬೈಲಿನಲ್ಲಿದೆ.

ಬಿಟ್‌ಗಳು ಸಾಕಷ್ಟಿದ್ದರೆ ಈ ಉಪಾಯ ಬಹಳ ಚೆನ್ನಾಗಿ ನಡೆಯುತ್ತದೆ. 256 ಅಥವಾ 320 ಕಿಲೋಬಿಟ್ಟಿನ ಹಾಡನ್ನು ಮೂಲದಿಂದ ಬೇರ್ಪಡಿಸಿ ಗುರುತಿಸುವುದು ಪಳಗಿದ ಕಿವಿಗೂ ಕಷ್ಟ. ಬಿಟ್ ಕಡಿಮೆಯಾದಾಗ ಮೊದಲು ಕೆಡುವುದು ಚುರುಕಾದ ಪೆಟ್ಟುಗಳು. ಎಂ.ಪಿ.3 ಶಬ್ದವನ್ನು ಸುಮಾರು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಉದ್ದದ ತುಂಡುಗಳಾಗಿ ಕತ್ತರಿಸಿ ಲೆಕ್ಕ ಮಾಡುತ್ತದೆ. ತುಂಡಿನ ಕೊನೆಯಲ್ಲಿ ಪೆಟ್ಟು ಬಿದ್ದರೆ, ಲೆಕ್ಕದ ಒರಟುತನ ಇಡೀ ತುಂಡಿಗೆ ಹರಡಿ, ಪೆಟ್ಟಿಗಿಂತ ಮೊದಲೇ ಅದರ ಮಸುಕು ಪ್ರತಿಧ್ವನಿ ಕೇಳಿಬರುತ್ತದೆ. ಇಂಥ ಕಡೆ ತುಂಡುಗಳನ್ನು ಚಿಕ್ಕದು ಮಾಡಿಕೊಳ್ಳುವ ಏರ್ಪಾಡು ಇದೆ, ಆದರೂ ಪೂರ್ತಿ ಹೋಗುವುದಿಲ್ಲ. ಗುಂಡಿಗೆ ಮೊದಲು ಹೊಗೆ! ಕಲ್ಲಿನ ಕಂಬದ 'ಟಣ್' ಇರಲಿ, ಭಜನೆಯ ತಾಳ, ಗೆಜ್ಜೆ, ಚಿಟಿಕೆ ಇರಲಿ, ಕಡಿಮೆ ಬಿಟ್ಟಿನ ಹಾಡಿನಲ್ಲಿ ಅವು ಒದ್ದೆ ಕಾಗದ ಹರಿದಂತೆ ಕೇಳುವುದು ಇದರಿಂದ.

ವಾಟ್ಸಾಪ್‌ನಲ್ಲಿ ಧ್ವನಿಸಂದೇಶ ಮಾತಿಗೆ ತಕ್ಕ ಮಟ್ಟದಲ್ಲಿ ಹುಟ್ಟುತ್ತದೆ. ವಿಡಿಯೋವನ್ನು ಕಳಿಸುವಾಗ ಅದು ಮತ್ತೆ ಕುಗ್ಗಿಸುತ್ತದೆ. ಕುಗ್ಗಿಸಿದ್ದನ್ನು ಇಳಿಸಿಕೊಂಡು, ಕತ್ತರಿಸಿ, ಬೇರೆ ತಾಣಕ್ಕೆ ಏರಿಸಿ, ಅಲ್ಲಿಂದ ಇನ್ನೊಬ್ಬರು ಇಳಿಸಿಕೊಂಡರೆ ಪ್ರತಿ ಸಲವೂ ಹೊಸದಾಗಿ ಒಂದಷ್ಟು ಕಳೆದುಹೋಗುತ್ತದೆ. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ತೆಗೆಸಿದ ಅಂಕಪಟ್ಟಿ ನೋಡಿದವರಿಗೆ ಬೇರೆ ವಿವರಣೆ ಬೇಡ.

ಗುಡುಗು ನುಂಗುವ ಸ್ಪೀಕರು

ಇಷ್ಟೆಲ್ಲ ದಾಟಿ ಬಂದ ಶಬ್ದಕ್ಕೆ ದೊಡ್ಡ ಹೊಡೆತ ಬೀಳುವುದು ಕೊನೆಯಲ್ಲಿ, ಗಾಳಿಗೆ ಇಳಿಯುವಾಗ. ಅಂಕಿಯನ್ನು ವಿದ್ಯುತ್ತಾಗಿ ಬದಲಿಸುವ ಚಿಪ್ಪು ಇಂದಿನ ಸಾಧಾರಣ ಮೊಬೈಲಿನಲ್ಲೂ ಸಾಕಷ್ಟು ಒಳ್ಳೆಯದೇ. ಆದರೆ ಸ್ಪೀಕರು ಎಂದರೆ ಗಾಳಿಯನ್ನು ತಳ್ಳುವ ಸಣ್ಣ ಹಾಳೆ. ಅದೇ ಜೋರಿನಲ್ಲಿ ಅರ್ಧದಷ್ಟು ಆವೃತ್ತಿಯ ಸ್ವರ ಬೇಕಾದರೆ ಹಾಳೆ ನಾಲ್ಕರಷ್ಟು ದೂರ ಆಚೀಚೆ ಚಲಿಸಬೇಕು. ಬೆರಳಿನಷ್ಟು ದಪ್ಪವೂ ಇಲ್ಲದ ಫೋನಿನೊಳಗೆ ಅದು ಎಲ್ಲಿಗೆ ಚಲಿಸೀತು? ಮೂರು ನಾಲ್ಕು ನೂರು ಹರ್ಟ್ಸ್‌ಗಿಂತ ಕೆಳಗೆ ಇಳಿದಂತೆ ದನಿ ಕ್ಷೀಣಿಸುತ್ತ ಹೋಗುತ್ತದೆ.

ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 131 ಹರ್ಟ್ಸ್. ತಂಬೂರಿಯ ಮಂದ್ರದ ತಂತಿ ಅದರ ಅರ್ಧ, ಸುಮಾರು 65. ತಬಲಾದ ಡಗ್ಗ, ಮೃದಂಗದ ಎಡಭಾಗದ 'ತೊಂ' ಎಲ್ಲ ಈ ಕೆಳಗಿನ ಓಣಿಯಲ್ಲೇ ವಾಸ. ಅಂದರೆ ಮೊಬೈಲ್ ಸ್ಪೀಕರಿನಲ್ಲಿ ಇವುಗಳ ಮೂಲ ಸ್ವರ ಬಹುಮಟ್ಟಿಗೆ ಇಲ್ಲವೇ ಇಲ್ಲ.

ಹಾಗಾದರೆ ಹಾಡು ಹೇಗೆ ಗುರುತು ಹತ್ತುತ್ತದೆ? ಇಲ್ಲಿ ಮೆದುಳಿನ ಜಾಣತನ ಮೆಚ್ಚಬೇಕು. 65 ಹರ್ಟ್ಸ್‌ನ ತಂತಿ ಮಿಡಿದಾಗ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಸ್ವರಗಳೂ ಏಳುತ್ತವೆ. ಮೇಲಿನವು ಸ್ಪೀಕರಿನಿಂದ ಹೊರಬಂದರೆ ಸಾಕು, ಅವುಗಳ ನಡುವಿನ ಅಂತರ ನೋಡಿ ಕೆಳಗಿನದು ಇಷ್ಟಿರಬೇಕು ಎಂದು ಮೆದುಳು ಊಹಿಸಿ ತುಂಬಿಕೊಳ್ಳುತ್ತದೆ. ಸಾಮಾನ್ಯ ದೂರವಾಣಿ ದಶಕಗಳ ಕಾಲ 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ ಕಳಿಸುತ್ತಿದ್ದರೂ ಅಪ್ಪನ ದನಿ ಅಪ್ಪನದಾಗಿಯೇ ಕೇಳುತ್ತಿದ್ದುದು ಈ ಊಹೆಯಿಂದ. ಶ್ರುತಿ ಎಷ್ಟೆಂದು ತಿಳಿಯುತ್ತದೆ. ಅದರ ತೂಕ ಮಾತ್ರ ಎದೆಗೆ ತಾಗುವುದಿಲ್ಲ.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರ ಹೆಸರನ್ನು ಇಲ್ಲಿ ತರಲೇಬೇಕು. ಅಲೆಮಾರಿ ಬುಡ್ಗಜಂಗಮ ಸಮುದಾಯದಲ್ಲಿ ಹುಟ್ಟಿ, ಅಕ್ಷರ ಕಲಿಯದೆ, ಹನ್ನೆರಡು ದೊಡ್ಡ ಕಥನಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡು ರಾತ್ರಿಯಿಡೀ ಹಾಡಬಲ್ಲವರಾಗಿದ್ದ ಬುರ್ರಕಥಾ ಈರಮ್ಮ. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತ್ತು. ಅವರು 2014ರಲ್ಲಿ ತೀರಿಕೊಂಡರು. ಕಂಪಿಲರಾಯನ ಮಗ ಕುಮಾರರಾಮನ ಕಥೆ ಅವರು ಹೇಳುತ್ತಿದ್ದ ಕಾವ್ಯಗಳಲ್ಲೊಂದು. ಕಂಪ್ಲಿಯ ಸುತ್ತಿನ ಜನರಿಗೆ ಅದು ತಮ್ಮ ಮನೆಯ ಕಥೆಯೇ. ಅವರು ಹೇಳಿದ ಕೆಲವು ಕಾವ್ಯಗಳು ಪುಸ್ತಕವಾಗಿ ಬಂದಿವೆ, ಅದು ದೊಡ್ಡ ಕೆಲಸ. ಆದರೆ ಪುಸ್ತಕದಲ್ಲಿ ಇಲ್ಲದ್ದು ದನಿ. ಬುರ್ರಕಥೆಯಲ್ಲಿ ಮುಂದಾಳು ಕಥೆ ನಡೆಸುತ್ತ ಹೋದಂತೆ ಹಿಮ್ಮೇಳದವರು ದಿಮ್ಮಿ ಬಾರಿಸುತ್ತ ದನಿಗೂಡಿಸುತ್ತಾರೆ. ಯುದ್ಧದ ಸನ್ನಿವೇಶ ಬಂದಾಗ ಕೇಳುಗರ ಮೈ ಜುಮ್ಮೆನ್ನಿಸುವುದು ಆ ದಿಮ್ಮಿಯ ಪೆಟ್ಟು. ಅಂಥ ಕಥೆಯ ವಿಡಿಯೋವನ್ನು ಮೊಬೈಲಿನ ಸ್ಪೀಕರಿನಲ್ಲಿ ಹಾಕಿದರೆ ಪದ ತಿಳಿಯುತ್ತದೆ, ದಿಮ್ಮಿ ಡಬ್ಬಿಯ ಸದ್ದಾಗುತ್ತದೆ. ಜಾನಪದದಲ್ಲಿ ಆಸಕ್ತಿಯಿಲ್ಲ ಎಂದು ಮಕ್ಕಳನ್ನು ದೂರುವ ಹಿರಿಯರು, ಮಕ್ಕಳ ಕಿವಿಗೆ ಏನು ಬಿದ್ದಿದೆ ಎಂಬುದನ್ನೂ ಕೇಳಬೇಕು.

ತಂತಿಯೋ ಬ್ಲೂಟೂತೋ

ಇಯರ್‌ಫೋನ್ ಹಾಕಿಕೊಂಡರೆ ಈ ಕಷ್ಟದಲ್ಲಿ ಬಹುಪಾಲು ಪರಿಹಾರವಾಗುತ್ತದೆ. ಕಿವಿಯ ನಾಳದಲ್ಲಿರುವ ಗಾಳಿ ಒಂದು ಚಮಚೆಯಷ್ಟೂ ಇಲ್ಲ; ಅದನ್ನು ತಳ್ಳಲು ಸಣ್ಣ ಹಾಳೆಗೂ ಶಕ್ತಿಯಿದೆ. ಷರತ್ತು ಒಂದೇ, ಗಾಳಿ ಸೋರಬಾರದು. ರಬ್ಬರ್ ತುದಿ ನಿಮ್ಮ ಕಿವಿಯ ಅಳತೆಗೆ ಸರಿಯಾಗಿ ಕೂತಿರಬೇಕು. ಪರೀಕ್ಷೆ ಮಾಡಿ ನೋಡಿ: ಹಾಡು ನಡೆಯುತ್ತಿರುವಾಗ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಡಗ್ಗದ ದನಿ ಒಮ್ಮೆಲೇ ತುಂಬಿಕೊಂಡರೆ ತುದಿಯ ಅಳತೆ ತಪ್ಪಿದೆ ಎಂದರ್ಥ. ಪೆಟ್ಟಿಗೆಯಲ್ಲಿ ಮೂರು ಅಳತೆಯ ತುದಿ ಕೊಟ್ಟಿರುತ್ತಾರೆ, ನಾವು ಅವನ್ನು ಪೆಟ್ಟಿಗೆಯಲ್ಲೇ ಬಿಟ್ಟಿರುತ್ತೇವೆ. ಹೊಸ ಇಯರ್‌ಫೋನ್ ಕೊಳ್ಳುವುದಕ್ಕಿಂತ ಇದು ಅಗ್ಗ.

2016ರಲ್ಲಿ ಆಪಲ್ ಐಫೋನಿನಿಂದ ಇಯರ್‌ಫೋನ್ ತೂತನ್ನು ತೆಗೆದುಹಾಕಿತು. ಉಳಿದ ಹಲವು ಕಂಪನಿಗಳೂ ಹಿಂದೆ ಹೋದವು. ತಂತಿಯಿಲ್ಲದ ಬ್ಲೂಟೂತ್ ಹಾಡನ್ನು ಕಳಿಸುವ ಮುನ್ನ ಮತ್ತೊಮ್ಮೆ ಕುಗ್ಗಿಸುತ್ತದೆ. ಸುಮ್ಮನೆ ಹಾಡು ಕೇಳುವಾಗ ಈ ನಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಅದೇ ಬ್ಲೂಟೂತ್ ಇಯರ್‌ಫೋನಿನ ಮೈಕನ್ನು ಬಳಸತೊಡಗಿದ ಕೂಡಲೇ ಸಾಮಾನ್ಯವಾಗಿ ಅದು ಕರೆಯ ಕ್ರಮಕ್ಕೆ ಜಾರುತ್ತದೆ. ಕೇಳುವ ದನಿಯೂ ಹಳೆಯ ದೂರವಾಣಿಯ ಮಟ್ಟಕ್ಕೆ ಇಳಿಯುತ್ತದೆ. ಆನ್‌ಲೈನ್ ತರಗತಿ ಶುರುವಾದೊಡನೆ ಮೇಷ್ಟ್ರ ದನಿ ಡಬ್ಬಿಯೊಳಗಿನಿಂದ ಬಂದಂತಾಗುವುದಕ್ಕೆ ನೆಟ್‌ವರ್ಕನ್ನು ಬೈದು ಫಲವಿಲ್ಲ. ಮೈಕನ್ನು ಫೋನಿನದ್ದೇ ಇಟ್ಟುಕೊಂಡರೆ, ಇಲ್ಲವೇ ಇನ್ನೂರು ಮುನ್ನೂರು ರೂಪಾಯಿಯ ತಂತಿಯ ಇಯರ್‌ಫೋನ್ ಹಾಕಿಕೊಂಡರೆ ದನಿ ತಿಳಿಯಾಗುತ್ತದೆ. ಭಾಷೆ ಕಲಿಯುವವರಿಗೆ ಇದು ಸಣ್ಣ ಮಾತಲ್ಲ: ಶ, ಷ, ಸ ಅಕ್ಷರಗಳ ವ್ಯತ್ಯಾಸ ಬಹುಮಟ್ಟಿಗೆ ಎತ್ತರದ ಆವೃತ್ತಿಗಳಲ್ಲಿದೆ. 3,400 ಹರ್ಟ್ಸ್‌ಗೆ ಕತ್ತರಿ ಬಿದ್ದರೆ 'ಸ'ಕಾರ 'ಫ'ಕಾರದಂತೆ ಕೇಳುವುದುಂಟು.

ಕಿವಿಯ ಲೆಕ್ಕ

ಪಾಲಕರು ಗಮನಿಸಬೇಕಾದ ಮುಖ್ಯ ವಿಷಯ ಇದು. ದನಿ ಚೆನ್ನಾಗಿಲ್ಲದಾಗ ನಾವು ಏನು ಮಾಡುತ್ತೇವೆ? ಜೋರು ಮಾಡುತ್ತೇವೆ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳ ನಡುವೆ ಬಸ್ಸಿನಲ್ಲಿ ಕುಳಿತ ಹುಡುಗಿ, ಸಡಿಲವಾದ ಇಯರ್‌ಫೋನಿನಲ್ಲಿ ತಗ್ಗು ಸ್ವರ ಕೇಳದೆ, ಹೊರಗಿನ ಗದ್ದಲವನ್ನು ಮೀರಲು ಗುಂಡಿ ಒತ್ತುತ್ತ ಹೋಗುತ್ತಾಳೆ. ಕಂಪ್ಲಿಯ ಭತ್ತದ ಗದ್ದೆಗಳ ನಡುವೆ ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರ್ ನಮಗೆ ದೂರದಿಂದಲೇ ಕೇಳುತ್ತದೆ, ಅದಕ್ಕೆ ಬೈಯುತ್ತೇವೆ. ಮಗುವಿನ ಕಿವಿಯೊಳಗಿನ ಟ್ರ್ಯಾಕ್ಟರ್ ಯಾರಿಗೂ ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. ದೊಡ್ಡವರ ಲೆಕ್ಕವನ್ನೇ ಹಿಡಿದರೂ 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ನೂರು ಮುಟ್ಟಿದರೆ ಇಡೀ ವಾರಕ್ಕೆ ಅರ್ಧ ಗಂಟೆಯೂ ಇಲ್ಲ. ಒಳಗಿವಿಯ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳ ಕೋಶಗಳೇ. ಎಂ.ಪಿ.3 ಬಿಟ್ಟದ್ದನ್ನು ಒಳ್ಳೆಯ ಫೈಲಿನಿಂದ ಮರಳಿ ಪಡೆಯಬಹುದು, ಇದನ್ನು ಪಡೆಯಲಾಗದು. ಇಂದಿನ ಬಹುತೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಗರಿಷ್ಠ ಮಟ್ಟ ನಿಗದಿ ಮಾಡುವ ಅಥವಾ ಎಚ್ಚರಿಸುವ ಏರ್ಪಾಡು ಇರುತ್ತದೆ. ಹುಡುಕಿ ಹಾಕಿಕೊಡಲು ಐದು ನಿಮಿಷ ಸಾಕು. ಕಿವಿಗೆ ಸರಿಯಾಗಿ ಕೂರುವ ತುದಿ ಹೊರಗಿನ ಗದ್ದಲ ತಡೆಯುವುದರಿಂದ ಜೋರು ಮಾಡುವ ಆಸೆಯೂ ತಗ್ಗುತ್ತದೆ. ರಸ್ತೆ ದಾಟುವಾಗ ಮಾತ್ರ ತೆಗೆದಿಡಬೇಕು.

ಅಜ್ಜಿಯ ಹಾಡು ಹಿಡಿಯುವಾಗ

ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗಳು ಅಜ್ಜಿಯ ಬೀಸುವ ಪದ, ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುವುದು ಈಚೆಗೆ ಕಾಣುತ್ತಿದೆ. ಬಹಳ ಒಳ್ಳೆಯ ಕೆಲಸ, ಒಂದಿಷ್ಟು ಜಾಗ್ರತೆ ವಹಿಸಿದರೆ ಇನ್ನೂ ಒಳ್ಳೆಯದಾಗುತ್ತದೆ. ವಾಟ್ಸಾಪ್ ಧ್ವನಿಸಂದೇಶದಲ್ಲಿ ಹಿಡಿಯಬೇಡಿ. ಫೋನಿನಲ್ಲಿರುವ ಅಥವಾ ಬಿಟ್ಟಿ ಸಿಗುವ ರೆಕಾರ್ಡರ್ ತೆರೆದು, 'ವೇವ್' ಬಗೆಯನ್ನು, ಅದಿಲ್ಲದಿದ್ದರೆ ಇರುವುದರಲ್ಲಿ ಅತಿ ಹೆಚ್ಚಿನ ಗುಣಮಟ್ಟವನ್ನು ಆರಿಸಿ. ಫ್ಯಾನ್ ಆರಿಸಿ, ಟಿ.ವಿ. ನಿಲ್ಲಿಸಿ. ಖಾಲಿ ಕೋಣೆಗಿಂತ ಹಾಸಿಗೆ, ಕೌದಿ, ಬಟ್ಟೆಗಳಿರುವ ಕೋಣೆ ಮೇಲು; ಅವು ಪ್ರತಿಧ್ವನಿಯನ್ನು ಹೀರುತ್ತವೆ. ಫೋನನ್ನು ಕೈಯಲ್ಲಿ ಹಿಡಿಯದೆ, ಮಡಚಿದ ಟವಲಿನ ಮೇಲೆ, ಅಜ್ಜಿಯ ಬಾಯಿಗೆ ಒಂದು ಮೊಳ ದೂರದಲ್ಲಿ ಇಡಿ. ತೀರ ಮುಂದೆ ಹಿಡಿದರೆ ಉಸಿರು ಮೈಕಿಗೆ ಬಡಿಯುತ್ತದೆ, ದೂರ ಇಟ್ಟರೆ ಕೋಣೆಯೇ ಹಾಡುತ್ತದೆ. ಮೊದಲ ಅರ್ಧ ನಿಮಿಷ ಹಿಡಿದು, ಇಯರ್‌ಫೋನಿನಲ್ಲಿ ಕೇಳಿ ನೋಡಿ, ಆಮೇಲೆ ಮುಂದುವರಿಸಿ. ಹಾಡಿದವರ ಹೆಸರು, ಊರು, ತಾರೀಖುಗಳನ್ನು ಹಾಡಿನ ಕೊನೆಗೆ ನೀವೇ ಬಾಯಲ್ಲಿ ಹೇಳಿಬಿಡಿ. ಫೈಲಿನ ಹೆಸರು ಬದಲಾದರೂ ಅದು ಉಳಿಯುತ್ತದೆ.

ಬಂಧುಗಳಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿದರೆ ಅದು ಕುಗ್ಗಿಸದೆ ಇದ್ದಂತೆಯೇ ತಲುಪಿಸುತ್ತದೆ. ಮೂಲ ಫೈಲನ್ನು ಫೋನಿನಿಂದ ತೆಗೆದು ಬೇರೆ ಎರಡು ಕಡೆ ಇಡಿ, ಒಂದು ಮನೆಯಲ್ಲಿ, ಇನ್ನೊಂದು ಮನೆಯಿಂದ ಹೊರಗೆ. ಫೋನು ತುಂಬಿತೆಂದು ಮೊದಲು ಅಳಿಸುವುದು ಇಂಥ ದೊಡ್ಡ ಫೈಲುಗಳನ್ನೇ.